ಉದ್ಯೋಗಜನ್ಯ ವಿಷಬಾಧೆ: ಸಂಶೋಧನೆಯೂ ಅದರ ಪ್ರಕಟಣೆಯೂ

1

ನಾಸಿಕದಿಂದ ಹೊರಹೋಗುವ ಎರಡು ವಸ್ತುಗಳಿಗೆ ಇರುವಷ್ಟು ಬಿಗಿಯಾದ ಲೆಕ್ಕ ಬೇರೆ ವಸ್ತುಗಳಿಗೆ ಇರುವುದು ವಿರಳ. ಒಂದು, ನಾಸಿಕ್ ರೋಡಿನ ಮುದ್ರಣಾಲಯದಲ್ಲಿ 1928ರಿಂದ ಅಚ್ಚಾಗುತ್ತ ಬಂದಿರುವ ಕರೆನ್ಸಿ ನೋಟು. ಇನ್ನೊಂದು, ನಿಫಾಡ, ದಿಂಡೋರಿ ಮೊದಲಾದ ತಾಲೂಕುಗಳಿಂದ ಯೂರೋಪಿಗೆ ರಫ್ತಾಗುವ ದ್ರಾಕ್ಷಿ. ನೋಟಿಗೆ ಕ್ರಮಸಂಖ್ಯೆಯುಂಟು, ಕೆಟ್ಟ ಹಾಳೆಯೂ ಲೆಕ್ಕಕ್ಕೆ ಸೇರಿದ ಬಳಿಕವೇ ನಾಶವಾಗತಕ್ಕದ್ದು. ದ್ರಾಕ್ಷಿಯ ವಿಷಯದಲ್ಲಿಯೂ ಅಂತಹದೇ ಕ್ರಮ ಏರ್ಪಟ್ಟಿದೆ. ರಫ್ತಿಗಾಗಿ ಬೆಳೆಯುವ ತೋಟ ನೋಂದಣಿಯಾಗಬೇಕು. ಯಾವ ರಾಸಾಯನಿಕವನ್ನು ಯಾವ ದಿನ ಸಿಂಪಡಿಸಲಾಯಿತೆಂಬುದನ್ನು ಬರೆದಿಡಬೇಕು. ಗೊಂಚಲಿನ ಮಾದರಿ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾಗಬೇಕು. ಅಪೇಡಾ ಸಂಸ್ಥೆಯು 2006ರಲ್ಲಿ ಆರಂಭಿಸಿದ ‘ಗ್ರೇಪ್‌ನೆಟ್’ ಎಂಬ ವ್ಯವಸ್ಥೆಯಿಂದಾಗಿ, ಯೂರೋಪಿನ ಅಂಗಡಿಯಲ್ಲಿರುವ ಪೆಟ್ಟಿಗೆಯಿಂದ ಹಿಂದಕ್ಕೆ ನಡೆದು ನಾಸಿಕ ಜಿಲ್ಲೆಯ ಒಂದು ತೋಟವನ್ನು ಮುಟ್ಟುವುದು ಸಾಧ್ಯವಾಗಿದೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಮಿತಿಮೀರಿತೆಂದು ಭಾರತದ ದ್ರಾಕ್ಷಿ ಯೂರೋಪಿನಲ್ಲಿ ತಡೆಯಲ್ಪಟ್ಟಾಗ, ದೋಷ ಯಾವ ಪದಾರ್ಥದ್ದು, ಎಷ್ಟು ಪ್ರಮಾಣದ್ದು ಎಂಬುದು ಅಂಕಿಗಳಲ್ಲಿ ಎಲ್ಲರ ಕಣ್ಣಮುಂದೆ ಇತ್ತು.

ಈ ಹಣ್ಣಿಗೆ ರಾಸಾಯನಿಕ ಹಚ್ಚಿದ ಕೈಯ ಲೆಕ್ಕ ಎಲ್ಲಿದೆ ಎಂದು ಕೇಳಿದರೆ, ಹಣ್ಣಿನಷ್ಟು ಸುಲಭವಾಗಿ ಉತ್ತರ ದೊರೆಯುವುದಿಲ್ಲ. ಹಣ್ಣನ್ನು ಕೊಳ್ಳುವವನು ಅದರ ಪರೀಕ್ಷೆಯನ್ನು ಕೇಳುತ್ತಾನೆ; ಕೇಳದಿದ್ದರೆ ವ್ಯಾಪಾರವಿಲ್ಲ. ದುಡಿಯುವವನ ರಕ್ತದ ಪರೀಕ್ಷೆಯನ್ನು ಕೇಳುವ ಗಿರಾಕಿ ಇಲ್ಲ. ಅದನ್ನು ಕೇಳಬೇಕಾದುದು ಶಾಸ್ತ್ರ; ಕೇಳಿ ತಿಳಿದುದನ್ನು ಎಲ್ಲರೂ ಓದುವಂತೆ, ಎಲ್ಲರೂ ಪರಿಶೀಲಿಸುವಂತೆ ಅಚ್ಚಿಗೆ ಕೊಡಬೇಕಾದುದು ಶಾಸ್ತ್ರಜ್ಞ. ಉದ್ಯೋಗಜನ್ಯ ವಿಷಬಾಧೆಯ ಸಂಶೋಧನೆ ಹೇಗೆ ನಡೆಯುತ್ತದೆ, ಅದರ ಪ್ರಕಟಣೆಗೆ ಅಷ್ಟು ಮಹತ್ವ ಏಕೆ, ಪ್ರಕಟವಾದುದೂ ಕೆಲವೊಮ್ಮೆ ನಿಷ್ಫಲವಾಗುವುದೇಕೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

2

ಮೊದಲು ಒಂದು ಉದಾಹರಣೆ. ಶೀತದೇಶಗಳಲ್ಲಿ ದ್ರಾಕ್ಷಿಬಳ್ಳಿ ಚಳಿಗಾಲದಲ್ಲಿ ನಿದ್ರಿಸಿ ವಸಂತದಲ್ಲಿ ಒಟ್ಟಿಗೆ ಚಿಗುರುತ್ತದೆ. ದಖ್ಖಣದ ಬಿಸಿಲಿನಲ್ಲಿ ಅಂತಹ ನಿದ್ರೆಯಿಲ್ಲ. ಆದುದರಿಂದ ಮಹಾರಾಷ್ಟ್ರದಲ್ಲಿಯೂ ಕರ್ನಾಟಕದ ವಿಜಯಪುರ, ಅಥಣಿಗಳ ಕಡೆಯಲ್ಲಿಯೂ ವರ್ಷಕ್ಕೆ ಎರಡು ಬಾರಿ ಬಳ್ಳಿಯನ್ನು ಸವರುತ್ತಾರೆ: ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ. ಫಲ ಬರುವುದು ಎರಡನೆಯ ಸವರುವಿಕೆಯ ಮೇಲೆ. ಸವರಿದ ಕಡ್ಡಿಯ ಕಣ್ಣುಗಳೆಲ್ಲ ಒಂದೇ ಸಮಯದಲ್ಲಿ ಒಡೆಯಲೆಂದು, ಒಂದೆರಡು ದಿನಗಳೊಳಗೆ ಅವುಗಳಿಗೆ ಹೈಡ್ರೋಜನ್ ಸಯನಮೈಡ್ ಎಂಬ ದ್ರವವನ್ನು ಬಟ್ಟೆಯಿಂದಲೋ ಸ್ಪಂಜಿನಿಂದಲೋ ಲೇಪಿಸುತ್ತಾರೆ. ತೋಟಗಳಲ್ಲಿ ಇದನ್ನು ‘ಪೇಸ್ಟ್ ಹಚ್ಚುವುದು’ ಎನ್ನುತ್ತಾರೆ. ನಾಸಿಕ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಪೇಠ, ಸುರಗಾಣಾ ಮೊದಲಾದ ಗುಡ್ಡಗಾಡು ತಾಲೂಕುಗಳ ಆದಿವಾಸಿ ಕೂಲಿಕಾರರ ಗುಂಪುಗಳು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದು ಬರುತ್ತವೆ.

ಈ ದ್ರವ ಚರ್ಮವನ್ನು ಸುಡುವುದು, ಕಣ್ಣಿಗೆ ತೀವ್ರ ಬಾಧೆ ಕೊಡುವುದು. ಇವು ಕಣ್ಣಿಗೆ ಕಾಣುವ ದೋಷಗಳು. ಕಾಣದ ದೋಷ ಒಂದುಂಟು. ಕುಡಿದ ಮದ್ಯವನ್ನು ನಮ್ಮ ಯಕೃತ್ತು ಎರಡು ಹಂತಗಳಲ್ಲಿ ನಿವಾರಿಸುತ್ತದೆ: ಮೊದಲು ಅದು ಅಸೆಟಾಲ್ಡಿಹೈಡ್ ಎಂಬ ಉಗ್ರ ಪದಾರ್ಥವಾಗುತ್ತದೆ, ಬಳಿಕ ಇನ್ನೊಂದು ಕಿಣ್ವ ಅದನ್ನು ನಿರಪಾಯಕರ ಪದಾರ್ಥವಾಗಿ ಮಾರ್ಪಡಿಸುತ್ತದೆ. ಸಯನಮೈಡ್ ಈ ಎರಡನೆಯ ಕಿಣ್ವವನ್ನು ಕಟ್ಟಿಹಾಕುತ್ತದೆ. ಹಗಲೆಲ್ಲ ಪೇಸ್ಟ್ ಹಚ್ಚಿ ಸಂಜೆ ಸ್ವಲ್ಪ ಮದ್ಯ ಸೇವಿಸಿದವನ ಮುಖ ಕೆಂಪೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ನೋಡಿದವರು ಕುಡಿತ ಹೆಚ್ಚಾಯಿತೆಂದುಕೊಳ್ಳುವುದು ಸಹಜ. ವೈದ್ಯನೂ ರೋಗಿಯ ಬಾಯಿಯ ವಾಸನೆಯನ್ನು ನೋಡಿ ಅದೇ ತೀರ್ಮಾನಕ್ಕೆ ಬರಬಹುದು. ಅವನ ಕೈಯ ವೃತ್ತಾಂತವನ್ನು ಕೇಳಿದರೆ ಮಾತ್ರ ನಿಜ ಹೊರಬೀಳುವುದು.

ಇದು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಕ್ಯಾಲ್ಸಿಯಂ ಸಯನಮೈಡ್ ಗೊಬ್ಬರದೊಡನೆ ದುಡಿಯುವ ಕಾರ್ಮಿಕರಿಗೆ ಮದ್ಯ ಸಹಿಸುವುದಿಲ್ಲವೆಂಬುದನ್ನು ಕೋಲ್ಷ್ ಎಂಬ ಜರ್ಮನ್ ವೈದ್ಯ 1914ರಲ್ಲಿಯೇ ವರ್ಣಿಸಿದ್ದ. 1937ರಲ್ಲಿ ಅಮೆರಿಕದ ರಬ್ಬರು ಕಾರ್ಖಾನೆಯೊಂದರ ವೈದ್ಯ ವಿಲಿಯಮ್ಸ್, ಬೇರೊಂದು ರಾಸಾಯನಿಕದಿಂದ ತನ್ನ ಕಾರ್ಮಿಕರಲ್ಲಿ ಇಂತಹುದೇ ಲಕ್ಷಣವನ್ನು ಕಂಡು ಬರೆದ. ಇಟಲಿಯಲ್ಲಿ ಹೈಡ್ರೋಜನ್ ಸಯನಮೈಡಿನ ಬಳಕೆಯಿಂದ 2001ರಲ್ಲಿ 23 ಜನ ಅಸ್ವಸ್ಥರಾದುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಪ್ರಕಟವಾಯಿತು; 2005ರಲ್ಲಿ ಅದೇ ಪತ್ರಿಕೆ ಮತ್ತಷ್ಟು ಪ್ರಕರಣಗಳನ್ನು ವರದಿ ಮಾಡಿತು. 2008ರಲ್ಲಿ ಯೂರೋಪಿನ ಒಕ್ಕೂಟ ಈ ಪದಾರ್ಥಕ್ಕೆ ಅನುಮತಿಯನ್ನು ನಿರಾಕರಿಸಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಆ ನಿರ್ಧಾರಕ್ಕೆ ಮುಖ್ಯ ಕಾರಣವಾದುದು ಹಣ್ಣಿನ ಶೇಷಾಂಶವಲ್ಲ, ಅದನ್ನು ಹಚ್ಚುವವರ ಸುರಕ್ಷಿತತೆ. ಯೂರೋಪಿನ ಕೈಗೆ ಅಪಾಯವೆಂದು ತೀರ್ಮಾನವಾದ ದ್ರವವನ್ನೇ ಬಳಸಿ, ಯೂರೋಪಿನ ಬಾಯಿಗೆ ನಿರಪಾಯವೆಂದು ಪ್ರಮಾಣಿತವಾದ ಹಣ್ಣನ್ನು ಬೆಳೆಯುವುದು ಹೀಗೆ ಸಾಧ್ಯವಾಗಿದೆ. ಕಣ್ಣೊಡೆಯುವ ಮೊದಲೇ ಲೇಪಿಸುವ ದ್ರವದ ವೃತ್ತಾಂತವನ್ನು, ತಿಂಗಳುಗಳ ಬಳಿಕ ಕೊಯ್ಯುವ ಹಣ್ಣಿನ ಪರೀಕ್ಷೆ ಹೇಳಲಾರದು.

3

ವಿಷವೆಂದರೇನು? ಪ್ರತಿಯೊಂದು ಪದಾರ್ಥವೂ ವಿಷವೇ, ಅದನ್ನು ವಿಷವಾಗಿಸುವುದು ಪ್ರಮಾಣ ಮಾತ್ರ ಎಂಬ ಅಭಿಪ್ರಾಯವನ್ನು 16ನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಪ್ರತಿಪಾದಿಸಿದ. ವಿಷವಿಜ್ಞಾನದ ಅಡಿಗಲ್ಲು ಇದೇ. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆಯ ತಾತ್ಪರ್ಯವೂ ಇದಕ್ಕೆ ದೂರವಲ್ಲ. ಆದರೆ ಪ್ರಮಾಣವೆಂಬುದು ಒಂದೇ ಬಗೆಯದಲ್ಲ. ಒಂದೇ ದಿನ ಒಂದು ಲೋಟ ಕುಡಿಯುವುದು ಬೇರೆ. ಇಪ್ಪತ್ತು ವರ್ಷ ದಿನಕ್ಕೊಂದು ಹನಿ ಚರ್ಮದ ಮೂಲಕ ಒಳಸೇರುವುದು ಬೇರೆ. ಮೊದಲನೆಯದನ್ನು ತೀವ್ರ ವಿಷಬಾಧೆಯೆಂದೂ ಎರಡನೆಯದನ್ನು ದೀರ್ಘ ವಿಷಬಾಧೆಯೆಂದೂ ಕರೆಯಬಹುದು.

ಕೀಟನಾಶಕದ ಡಬ್ಬಿಯ ಮೇಲೆ ಅಚ್ಚಾಗಿರುವ ವಜ್ರಾಕೃತಿಯ ಚಿಹ್ನೆಯ ಕೆಳಗಿನ ತ್ರಿಕೋನದ ಬಣ್ಣವನ್ನು ಎಲ್ಲರೂ ನೋಡಿರುತ್ತಾರೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು, ಹಳದಿ, ನೀಲಿ, ಹಸುರು ಎಂದು ನಾಲ್ಕು ದರ್ಜೆಗಳು. ಪ್ರಯೋಗದ ಪ್ರಾಣಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ಅವುಗಳಲ್ಲಿ ಅರ್ಧದಷ್ಟು ಸಾಯಲು, ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ 50 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಮೆ ಸಾಕಾದರೆ ಕೆಂಪು; 500ರವರೆಗೆ ಹಳದಿ; 5,000ದವರೆಗೆ ನೀಲಿ; ಅದಕ್ಕೂ ಮಿಗಿಲಾದರೆ ಹಸುರು. ಚರ್ಮದ ಮೂಲಕ ಒಳಸೇರುವ ವಿಷಕ್ಕೂ ಇಂತಹ ಪ್ರತ್ಯೇಕ ಮಾನಗಳುಂಟು. ಈ ವರ್ಗೀಕರಣ ಉಪಯುಕ್ತವಾದುದೇ ಸರಿ. ಆದರೆ ಅದು ಹೇಳುವುದು ತೀವ್ರ ವಿಷದ ಕಥೆಯನ್ನು ಮಾತ್ರ. ಹಸುರು ತ್ರಿಕೋನವನ್ನು ಕಂಡು, ಇದರೊಡನೆ ಹದಿನೈದು ವರ್ಷ ದುಡಿದರೂ ಅಪಾಯವಿಲ್ಲವೆಂದು ತಿಳಿಯುವುದು ತಪ್ಪು. ದೀರ್ಘ ವಿಷಬಾಧೆಯನ್ನು ತಿಳಿಯಲು ಮನುಷ್ಯರನ್ನೇ, ಅವರು ದುಡಿಯುವ ಸ್ಥಳದಲ್ಲಿ, ಅನೇಕ ವರ್ಷಗಳ ಕಾಲ ಗಮನಿಸಬೇಕಾಗುತ್ತದೆ.

ಈ ಗಮನಿಕೆಯ ಪರಂಪರೆ ಹಳೆಯದು. ಇಟಲಿಯ ರಾಮಾಝೀನಿ 1700ರಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಗ್ರಂಥದಲ್ಲಿ, ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ ‘ನಿನ್ನ ಕಸುಬು ಯಾವುದು?’ ಎಂಬುದನ್ನೂ ಸೇರಿಸಬೇಕೆಂದು ವೈದ್ಯರಿಗೆ ಸೂಚಿಸಿದ. 1775ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರಿಗೆ ಬರುವ ಅರ್ಬುದಕ್ಕೂ ಮಸಿಗೂ ಇರುವ ಸಂಬಂಧವನ್ನು ತೋರಿಸಿದ. ಆ ಕಾಲದಲ್ಲಿ ಒಬ್ಬ ವೈದ್ಯನ ಚುರುಕಾದ ಕಣ್ಣು ಸಾಕಾಗಿತ್ತು. ಇಂದಿನ ಕಾರ್ಖಾನೆಯಲ್ಲಿ ಅದು ಸಾಲದು.

4

ಏಕೆ ಸಾಲದೆಂಬುದಕ್ಕೆ ನಾಸಿಕದಿಂದ ಪೂರ್ವಕ್ಕಿರುವ ಛತ್ರಪತಿ ಸಂಭಾಜಿನಗರವನ್ನು ನೋಡಬಹುದು. 2023ರವರೆಗೆ ಔರಂಗಾಬಾದೆಂಬ ಹೆಸರಿದ್ದ ಈ ನಗರದ ಸುತ್ತ ಚಿಕಲಠಾಣಾ, ವಾಳುಜ, ಶೇಂದ್ರಾ ಎಂಬ ಔದ್ಯೋಗಿಕ ಕ್ಷೇತ್ರಗಳಿವೆ. ವಾಹನ ಮತ್ತು ಅದರ ಬಿಡಿಭಾಗಗಳು, ಔಷಧಗಳು, ಲೋಹಕೆಲಸಗಳು ಇಲ್ಲಿಯ ಮುಖ್ಯ ಉದ್ಯಮಗಳು. ಇಂತಹ ಉದ್ಯಮಗಳ ರಾಸಾಯನಿಕ ಅಪಾಯಗಳು ವೈದ್ಯಶಾಸ್ತ್ರಕ್ಕೆ ಅಪರಿಚಿತವಲ್ಲ. ಕ್ರೋಮಿಯಂ ಲೇಪನದ ತೊಟ್ಟಿಯಿಂದೇಳುವ ಆವಿ ಮೂಗಿನ ನಡುಗೋಡೆಯನ್ನು ತೂತುಮಾಡಬಲ್ಲುದು. ಕೆಲವು ಬಗೆಯ ಬಣ್ಣಗಳಲ್ಲಿರುವ ಐಸೊಸಯನೇಟ್ ಉಬ್ಬಸವನ್ನು ತರಬಲ್ಲುದು. ಬೆನ್ಸೀನ್ ರಕ್ತವನ್ನು ಕೆಡಿಸುವುದು. ಸೀಸವು ನರಗಳನ್ನೂ ಮೂತ್ರಪಿಂಡಗಳನ್ನೂ ಬಾಧಿಸುವುದು.

2023ರ ಡಿಸೆಂಬರ್ 31ರ ಬೆಳಗಿನ ಜಾವ ವಾಳುಜದ ಕೈಗವಸು ತಯಾರಿಸುವ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಆರು ಜನ ಕಾರ್ಮಿಕರು ಮೃತಪಟ್ಟರು. ದೇಶದ ಪತ್ರಿಕೆಗಳೆಲ್ಲ ಆ ಸುದ್ದಿಯನ್ನು ಪ್ರಕಟಿಸಿದುವು. ಬೆಂಕಿಗೆ ದಿನಾಂಕವುಂಟು, ಸ್ಥಳವುಂಟು, ಶವಗಳ ಸಂಖ್ಯೆಯುಂಟು. ನಿಧಾನವಾದ ವಿಷಕ್ಕೆ ಇವು ಯಾವುವೂ ಇಲ್ಲ. ಇಂದು ಉಸಿರಾಡಿದ ಆವಿಯ ಪರಿಣಾಮ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಕಾಣಿಸಿದಾಗ ಆ ಮನುಷ್ಯ ಅದೇ ಕಾರ್ಖಾನೆಯಲ್ಲಿರುವುದಿಲ್ಲ. ಅವನು ಗುತ್ತಿಗೆದಾರನ ಆಳಾಗಿದ್ದರೆ ಕಾರ್ಖಾನೆಯ ಪುಸ್ತಕದಲ್ಲಿ ಅವನ ಹೆಸರೂ ಇರಲಿಕ್ಕಿಲ್ಲ. ಅವನು ಬಿಹಾರಕ್ಕೋ ಬೀದರಿಗೋ ಹಿಂದಿರುಗಿ, ಅಲ್ಲಿಯ ವೈದ್ಯನಿಗೆ ತನ್ನ ಕೆಮ್ಮನ್ನು ತೋರಿಸುತ್ತಾನೆ.

ಇನ್ನೊಂದು ತೊಡಕನ್ನು ತಜ್ಞರು ‘ಸ್ವಸ್ಥ ಕಾರ್ಮಿಕ’ನ ಪರಿಣಾಮವೆನ್ನುತ್ತಾರೆ. ಕಾರ್ಖಾನೆಗೆ ಹೋಗಿ ಅಂದು ಹಾಜರಿದ್ದವರನ್ನೆಲ್ಲ ಪರೀಕ್ಷಿಸಿದರೆ ಅವರು ಊರಿನ ಸಾಮಾನ್ಯ ಜನಕ್ಕಿಂತ ಆರೋಗ್ಯವಂತರಾಗಿಯೇ ಕಾಣುವರು. ಕಾರಣ ಸ್ಪಷ್ಟ: ದುರ್ಬಲರನ್ನು ಕೆಲಸಕ್ಕೆ ಸೇರಿಸಿಕೊಂಡೇ ಇರುವುದಿಲ್ಲ, ಕಾಯಿಲೆ ಬಿದ್ದವರು ಬಿಟ್ಟುಹೋಗಿರುತ್ತಾರೆ. ಸಾಲ ತೀರಿಸಿದವರ ಖಾತೆಗಳನ್ನು ಮಾತ್ರ ಎಣಿಸಿ ಯಾವ ಸಾಲವೂ ಮುಳುಗಿಲ್ಲವೆಂದು ವರದಿ ಕೊಟ್ಟಂತೆ ಇದು. ಆದುದರಿಂದ ಹಾಜರಿ ಪುಸ್ತಕದಲ್ಲಿರುವವರ ಜತೆಗೆ ಬಿಟ್ಟುಹೋದವರನ್ನೂ ಹುಡುಕಬೇಕು. ವಯಸ್ಸು, ಧೂಮಪಾನ, ಆಹಾರ ಇವುಗಳಲ್ಲಿ ಸಮಾನರಾಗಿದ್ದು ಆ ರಾಸಾಯನಿಕದ ಸಂಪರ್ಕ ಮಾತ್ರ ಇಲ್ಲದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು. ಗಾಳಿಯಲ್ಲಿಯೂ ರಕ್ತಮೂತ್ರಗಳಲ್ಲಿಯೂ ಪದಾರ್ಥವನ್ನು ಅಳೆಯಬೇಕು. ಸಂಪರ್ಕ ಹೆಚ್ಚಿದಂತೆಲ್ಲ ಬಾಧೆಯೂ ಹೆಚ್ಚುವುದೇ ಎಂದು ನೋಡಬೇಕು. ಇಷ್ಟೂ ಆದ ಮೇಲೆ ‘ಸಂಬಂಧವಿರುವಂತೆ ಕಾಣುತ್ತದೆ’ ಎಂದು ಹೇಳುವ ಅಧಿಕಾರ ಸಂಶೋಧಕನಿಗೆ ಬರುತ್ತದೆ.

5

ಹೀಗೆ ಹೇಳುವುದು ಎಲ್ಲಿ, ಯಾರಿಗೆ? ಇಲ್ಲಿಯೇ ಪ್ರಕಟಣೆಯ ಪ್ರಶ್ನೆ ಏಳುತ್ತದೆ. ಸಂಶೋಧನ ಪತ್ರಿಕೆಗೆ ಬಂದ ಲೇಖನವನ್ನು ಸಂಪಾದಕ ಅದೇ ವಿಷಯದಲ್ಲಿ ಪರಿಣತರಾದ ಇಬ್ಬರು ಮೂವರಿಗೆ ಕಳುಹಿಸುತ್ತಾನೆ. ಅವರು ವಿಧಾನವನ್ನು ಪ್ರಶ್ನಿಸುತ್ತಾರೆ. ತಿದ್ದಿದ ಬಳಿಕವೇ ಅದು ಅಚ್ಚಾಗುವುದು. ಲೇಖಕರಿಗೆ ಹಣ ಕೊಟ್ಟವರು ಯಾರು, ಅವರಿಗೆ ಆ ವಿಷಯದಲ್ಲಿ ಏನಾದರೂ ಲಾಭವುಂಟೇ ಎಂಬುದನ್ನು ತಿಳಿಸಬೇಕೆಂಬುದು ಈಚಿನ ಪದ್ಧತಿ. ಅಚ್ಚಾದ ಮೇಲೆ ಒಪ್ಪದವರು ಪತ್ರ ಬರೆಯಬಹುದು, ಲೇಖಕರು ಉತ್ತರಿಸಬೇಕು. ಬ್ಯಾಂಕಿನ ಲೆಕ್ಕವನ್ನು ಬರೆದವನೇ ತನಿಖೆ ಮಾಡುವಂತಿಲ್ಲ. ತನಿಖೆಯಾದ ಲೆಕ್ಕವನ್ನು ಠೇವಣಿದಾರನಿಂದ ಮುಚ್ಚಿಡುವಂತಿಲ್ಲ. ಪ್ರಕಟಣೆಯ ಧರ್ಮವೂ ಇದೇ. ಪ್ರಕಟವಾದುದೆಲ್ಲ ಸತ್ಯವೆಂದಲ್ಲ, ಪ್ರಕಟವಾದುದನ್ನು ಮಾತ್ರ ಪರೀಕ್ಷಿಸಲು ಸಾಧ್ಯ.

ಪ್ರಕಟಿಸದಿದ್ದರೆ ಏನಾಗುವುದೆಂಬುದಕ್ಕೆ ವೈನಿಲ್ ಕ್ಲೋರೈಡಿನ ಇತಿಹಾಸ ಸಾಕ್ಷಿ. ಪ್ಲಾಸ್ಟಿಕ್ ಕೊಳವೆಗಳಿಗೆ ಮೂಲವಸ್ತುವಾದ ಈ ಅನಿಲದ ಸಂಪರ್ಕದಿಂದ ಇಲಿಗಳಿಗೆ ಅರ್ಬುದ ಬರುವುದನ್ನು ಇಟಲಿಯ ವಿಯೋಲಾ 1970ರಲ್ಲಿ ವಿದ್ವಾಂಸರ ಮುಂದಿಟ್ಟ. ಬೊಲೋನ್ಯದ ಮಾಲ್ತೋನಿ ಇನ್ನೂ ಕಡಮೆ ಪ್ರಮಾಣದಲ್ಲಿಯೇ ಯಕೃತ್ತಿನ ಒಂದು ಅಪೂರ್ವ ಅರ್ಬುದವನ್ನು ಕಂಡ. ಈ ಎರಡನೆಯ ಫಲಿತಾಂಶವನ್ನು ಯೂರೋಪಿನ ತಯಾರಕರು 1972ರಲ್ಲಿ ಅಮೆರಿಕದ ತಯಾರಕರೊಡನೆ ಹಂಚಿಕೊಂಡುದು ಗೋಪ್ಯದ ಕರಾರಿನ ಮೇಲೆ. ಕಾರ್ಮಿಕರಿಗೆ ಅದು ತಿಳಿಯಲಿಲ್ಲ. 1974ರ ಜನವರಿಯಲ್ಲಿ ಕೆಂಟಕಿ ಪ್ರಾಂತದ ಲೂಯಿವಿಲ್ ನಗರದ ಕಾರ್ಖಾನೆಯೊಂದರ ಕಾರ್ಮಿಕರು ಅದೇ ಅಪೂರ್ವ ಅರ್ಬುದದಿಂದ ಸತ್ತ ಸಂಗತಿ ಬಹಿರಂಗವಾಯಿತು. ಆ ಬಳಿಕ ಗಾಳಿಯಲ್ಲಿರಬಹುದಾದ ಮಿತಿಯನ್ನು ದಶಲಕ್ಷಕ್ಕೆ 500 ಭಾಗಗಳಿಂದ 1 ಭಾಗಕ್ಕೆ ಇಳಿಸಲು ಒಂದು ವರ್ಷವೂ ಹಿಡಿಯಲಿಲ್ಲ. ಅರಿವು ಮೊದಲೇ ಇತ್ತು. ಇಲ್ಲದಿದ್ದುದು ಅದರ ಪ್ರಕಟಣೆ.

ಪ್ರಕಟಿಸಿದರೆ ಏನಾಗುವುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರವರೆಗೆ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿ, ಅವರಲ್ಲಿ ಐದರಲ್ಲಿ ಇಬ್ಬರಿಗಿಂತ ಹೆಚ್ಚಿನವರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾಗಿದ್ದುದನ್ನು 1947ರಲ್ಲಿ ವರದಿ ಮಾಡಲಾಯಿತು. ಭಾರತದಲ್ಲಿ ಈ ರೋಗದ ಮೊದಲ ವರದಿಯೆಂದು ವೈದ್ಯಕೀಯ ಪಠ್ಯಗಳು ಇದನ್ನೇ ಹೆಸರಿಸುತ್ತವೆ. ಅನಂತರ ಬಿಹಾರದ ಅಭ್ರಕದ ಗಣಿಗಳಲ್ಲಿ, ಪಿಂಗಾಣಿಯ ಕಾರ್ಖಾನೆಗಳಲ್ಲಿ, ಕಲ್ಲುಗಣಿಗಳಲ್ಲಿ ಅದೇ ರೋಗವನ್ನು ಹುಡುಕಿದವರು ಕಂಡುಕೊಂಡರು. ಗಣಿಯ ದೂಳು ರಾಸಾಯನಿಕ ಕಾರ್ಖಾನೆಯ ಆವಿಯಲ್ಲದಿರಬಹುದು. ಆದರೆ ಒಂದೆಡೆಯ ಮುದ್ರಿತ ಲೆಕ್ಕ ಇನ್ನೊಂದೆಡೆಯ ಹುಡುಕಾಟಕ್ಕೆ ದಾರಿಯಾಗುವ ಕ್ರಮ ಎರಡಕ್ಕೂ ಒಂದೇ. ಲಕ್ನೋದಲ್ಲಿ 1965ರಲ್ಲಿ ಔದ್ಯೋಗಿಕ ವಿಷವಿಜ್ಞಾನದ ಸಂಶೋಧನ ಕೇಂದ್ರ, ಅಹಮದಾಬಾದಿನಲ್ಲಿ 1966ರಲ್ಲಿ ಇಂದು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೆನಿಸಿರುವ ಸಂಸ್ಥೆ ಹುಟ್ಟಿದುವು. ಎರಡನೆಯದರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ.

6

ಅಹಮದಾಬಾದಿನ ಈ ಸಂಸ್ಥೆಯ ಕೆಲಸವೊಂದು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಕಾಸರಗೋಡು ಜಿಲ್ಲೆಯ ಪಡ್ರೆ ಕನ್ನಡ ತುಳು ಬಳಕೆಯ ಗ್ರಾಮ. ಅದರ ಮೇಲಣ ಗುಡ್ಡಗಳಲ್ಲಿ ಕೇರಳದ ತೋಟಗಾರಿಕಾ ನಿಗಮದ ಗೇರುತೋಟಗಳಿದ್ದುವು. ಎರಡು ದಶಕಗಳಿಗೂ ಮಿಕ್ಕಿ, 2000ದವರೆಗೆ, ಈ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟವು ಕೆಲಸದ ಸ್ಥಳ. ಆದರೆ ಮೇಲಿನಿಂದ ಸುರಿದ ವಿಷಕ್ಕೆ ಬೇಲಿಯ ಹಂಗಿಲ್ಲ. ಹಳ್ಳಗಳ ನೀರಿಗೆ, ಕೆಳಗಿನ ಮನೆಗಳಿಗೆ ಅದು ತಲುಪಿತು. ವಿಚಿತ್ರ ರೋಗಗಳು ಒಂದೇ ಪ್ರದೇಶದ ಮನೆಗಳಲ್ಲಿ ಕಂಡುಬರುವುದನ್ನು ಮೊದಲು ಗಮನಿಸಿದವರು ವಾಣಿನಗರದಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರ್. ಕನ್ನಡದ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಲು ಶ್ರಮಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯದ ಮೆಟ್ಟಿಲೇರಿ ಸಿಂಪಡಣೆಗೆ ತಡೆಯಾಜ್ಞೆ ಪಡೆದರು.

ಆದರೆ ವೈದ್ಯನ ಅನುಭವವೂ ಪತ್ರಕರ್ತನ ವರದಿಯೂ ಶಾಸ್ತ್ರದ ಪ್ರಮಾಣವಲ್ಲವೆಂಬ ವಾದ ಎದುರಾಯಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿಯ ನೀರು, ಮಣ್ಣು, ರಕ್ತಗಳ ಮಾದರಿಗಳಲ್ಲಿ ಎಂಡೋಸಲ್ಫಾನ್ ಅಧಿಕವಾಗಿದೆಯೆಂದಿತು. ತೋಟದ ಆಡಳಿತ ಮಾಡಿಸಿದ ಇನ್ನೊಂದು ಪರೀಕ್ಷೆ ಅದನ್ನು ಸಮರ್ಥಿಸಲಿಲ್ಲ. ಎರಡು ಪ್ರಯೋಗಾಲಯಗಳ ನಡುವೆ ಜನ ಯಾರನ್ನು ನಂಬಬೇಕು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪ್ರಶ್ನೆಯೆತ್ತಿದ ಮೇಲೆ ಅಹಮದಾಬಾದಿನ ತಂಡ ಪಡ್ರೆಗೆ ಬಂದಿತು. ತೋಟದ ಬುಡದಲ್ಲಿಯ ಗ್ರಾಮದ 10ರಿಂದ 19 ವರ್ಷದ 117 ಹುಡುಗರನ್ನೂ, ಸಿಂಪಡಣೆಯಿಲ್ಲದ ಬೇರೆ ಊರಿನ ಅದೇ ವಯಸ್ಸಿನ 90 ಹುಡುಗರನ್ನೂ ಅದು ಪರೀಕ್ಷಿಸಿತು. ರಕ್ತದ ದ್ರವಾಂಶದಲ್ಲಿ ಎಂಡೋಸಲ್ಫಾನಿನ ಸರಾಸರಿ ಮೊದಲ ಗುಂಪಿನಲ್ಲಿ ಶತಕೋಟಿಗೆ 7.47 ಭಾಗ, ಎರಡನೆಯದರಲ್ಲಿ 1.37 ಭಾಗ. ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದು, ಹಾರ್ಮೋನುಗಳ ಉತ್ಪತ್ತಿಗೆ ತೊಡಕಾಗಿರಬಹುದು ಎಂಬುದು ಅವರ ನಿಷ್ಕರ್ಷೆ. ಗುಂಪು ಚಿಕ್ಕದು, ಪರೀಕ್ಷೆಗೆ ಬಾರದವರೂ ಇದ್ದರು, ಆದುದರಿಂದ ಈ ನಿಷ್ಕರ್ಷೆಗೆ ಮಿತಿಯಿದೆ ಎಂದೂ ಅವರೇ ಬರೆದರು.

ಈ ಲೇಖನ 2003ರ ಡಿಸೆಂಬರ್‌ನಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್‌ಸ್ಪೆಕ್ಟಿವ್ಸ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಯಿತು. ಒಪ್ಪದವರ ಆಕ್ಷೇಪಣೆಯೂ ಲೇಖಕರ ಉತ್ತರವೂ 2004ರಲ್ಲಿ ಅದೇ ಪತ್ರಿಕೆಯಲ್ಲಿ ಬಂದುವು. ಇದು ಪ್ರಕಟಣೆಯ ದೌರ್ಬಲ್ಯವಲ್ಲ, ಅದರ ಬಲ. ಸರ್ಕಾರಿ ಕಡತದಲ್ಲಿಯೇ ಉಳಿದಿದ್ದರೆ ಈ ಅಂಕಿಗಳನ್ನು ಅಲ್ಲಗಳೆಯುವುದಕ್ಕೂ ಎತ್ತಿಹಿಡಿಯುವುದಕ್ಕೂ ಯಾರಿಗೂ ಅವಕಾಶವಿರುತ್ತಿರಲಿಲ್ಲ. ಬಳಿಕ ಸಮಿತಿಗಳು ಕುಳಿತುವು. ಒಂದರ ಮಾತನ್ನು ಇನ್ನೊಂದು ಒಪ್ಪಲಿಲ್ಲ. ವಿವಾದ ಇಂದಿಗೂ ಪೂರ್ತಿಯಾಗಿ ಅಡಗಿಲ್ಲ. ಆದರೂ 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ತೊಡೆದುಹಾಕಬೇಕಾದ ಪದಾರ್ಥಗಳ ಪಟ್ಟಿಗೆ ಸೇರಿಸಿದುವು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ದಕ್ಷಿಣ ಕನ್ನಡದ ಕೊಕ್ಕಡ ಮೊದಲಾದ ಗ್ರಾಮಗಳ ಗೇರುತೋಟಗಳಲ್ಲಿಯೂ ಇದೇ ಸಿಂಪಡಣೆ ನಡೆದಿತ್ತು. ಪಡ್ರೆಯ ಲೆಕ್ಕ ಅಚ್ಚಾಗದೆ ಇದ್ದಿದ್ದರೆ ಕೊಕ್ಕಡದವರ ಕೂಗಿಗೆ ಆಧಾರ ಕಡಮೆಯಾಗುತ್ತಿತ್ತು.

7

ಪಡ್ರೆಗೆ ತಂಡ ಬಂದುದು ಜನ ಎರಡು ದಶಕ ಅನುಭವಿಸಿದ ಮೇಲೆ. ಅಷ್ಟು ಕಾಯದೆ, ಲೆಕ್ಕವನ್ನು ದಿನದಿನವೂ ಬರೆದಿಡುವ ಏರ್ಪಾಡು ಕಾನೂನಿನಲ್ಲಿ ಇಲ್ಲವೇ? ಇದೆ. 1948ರ ಕಾರ್ಖಾನೆ ಕಾಯಿದೆಯು ಸೀಸ, ಪಾದರಸ, ಬೆನ್ಸೀನ್ ಮುಂತಾದವುಗಳಿಂದ ಬರುವ ರೋಗಗಳನ್ನು ಪಟ್ಟಿಮಾಡಿ, ಅವು ಕಂಡೊಡನೆ ವರದಿ ಮಾಡಬೇಕೆಂದು ವಿಧಿಸಿತ್ತು. ಭೋಪಾಲದ ದುರಂತದ ಬಳಿಕ, 1987ರ ತಿದ್ದುಪಡಿ, ಅಪಾಯಕರ ಪದಾರ್ಥಗಳ ವಿವರವನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸುವುದನ್ನು, ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಅವರಿಗೆ ದೊರಕಿಸುವುದನ್ನು ಕಡ್ಡಾಯಗೊಳಿಸಿತು. ಈ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ ಮೂರನೆಯ ಅನುಸೂಚಿಯಲ್ಲಿಯೂ 29 ರೋಗಗಳ ಪಟ್ಟಿಯಿದೆ.

1971ರ ಕೀಟನಾಶಕ ನಿಯಮಗಳು ಇನ್ನೂ ಸ್ಪಷ್ಟ. ಕೀಟನಾಶಕಗಳ ತಯಾರಿಕೆಯಲ್ಲಿರುವವರನ್ನು ಮೂರು ತಿಂಗಳಿಗೊಮ್ಮೆಯಾದರೂ ವೈದ್ಯರು ಪರೀಕ್ಷಿಸಬೇಕು. ಆರ್ಗನೋಫಾಸ್ಫರಸ್, ಕಾರ್ಬಮೇಟ್ ವರ್ಗದ ಪದಾರ್ಥಗಳೊಡನೆ ದುಡಿಯುವವರ ರಕ್ತದಲ್ಲಿಯ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಿಂಗಳಿಗೊಮ್ಮೆ ಅಳೆಯಬೇಕು. ಈ ಕಿಣ್ವ ಕುಗ್ಗುವುದು ವಿಷ ಒಳಸೇರಿತೆಂಬುದರ ಮುನ್ಸೂಚನೆ. ಮನುಷ್ಯ ಕುಸಿದು ಬೀಳುವ ಮೊದಲೇ ಅದು ತಿಳಿಸುತ್ತದೆ. ಆದರೆ 1968ರ ಮೂಲ ಕಾಯಿದೆಯ 38ನೆಯ ಕಲಮು, ತನ್ನ ಸಾಗುವಳಿಯ ಭೂಮಿಗಾಗಿ ಕೀಟನಾಶಕ ಬಳಸುವವನನ್ನು ಕಾಯಿದೆಯ ಹೊರಗಿಡುತ್ತದೆ. ರೈತನಿಗೆ ಕಿರುಕುಳವಾಗಬಾರದೆಂಬ ಸದುದ್ದೇಶ ಇದರಲ್ಲಿರಬಹುದು. ಪರಿಣಾಮವಾಗಿ, ಕಾರ್ಖಾನೆಯಲ್ಲಿ ಡಬ್ಬಿ ತುಂಬುವವನ ರಕ್ತಕ್ಕೆ ಕಾನೂನಿನ ರಕ್ಷಣೆಯುಂಟು. ಅದೇ ಡಬ್ಬಿಯನ್ನು ತೋಟದಲ್ಲಿ ತೆರೆದು ಹಚ್ಚುವ ಕೂಲಿಯವನಿಗೆ ಅದು ದೊರೆಯುವುದಿಲ್ಲ. 2017ರಲ್ಲಿ ವಿದರ್ಭದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಸಿಂಪಡಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಈ ಅಂತರ ಎಷ್ಟು ದೊಡ್ಡದೆಂಬುದು ತಿಳಿಯಿತು.

ಅಳತೆ ನಡೆದೆಡೆಯಲ್ಲಿಯೂ ಅದು ಸಂಶೋಧನೆಯಾಗಿ ಮಾರ್ಪಡುವುದು ತಾನಾಗಿ ಅಲ್ಲ. ಕಾರ್ಖಾನೆಯ ವೈದ್ಯನ ಕಪಾಟಿನಲ್ಲಿ ಸೇರಿದ ವರದಿಗಳು ಒಬ್ಬೊಬ್ಬನ ವರದಿಗಳಾಗಿಯೇ ಉಳಿಯುತ್ತವೆ. ಅವುಗಳಿಂದ ಹೆಸರುಗಳನ್ನು ತೆಗೆದು, ಹತ್ತು ಕಾರ್ಖಾನೆಗಳ ಹತ್ತು ವರ್ಷಗಳ ಅಂಕಿಗಳನ್ನು ಒಂದೆಡೆ ಕೂಡಿಸಿ ನೋಡಿದರೆ ಮಾತ್ರ, ಯಾವ ವಿಭಾಗದಲ್ಲಿ ಏನು ಕೆಡುತ್ತಿದೆ ಎಂಬುದು ಕಾಣುವುದು. ಬಾಧೆಯಿಲ್ಲವೆಂದು ಕಂಡುಬಂದರೆ ಅದನ್ನೂ ಪ್ರಕಟಿಸಬೇಕು; ಹಾಗೆ ಮಾಡಿದ ಮಾಲೀಕನಿಗೆ ಅದರಿಂದ ಹೆಸರೇ ಹೊರತು ಹಾನಿಯಿಲ್ಲ.

8

ಕೊನೆಯದಾಗಿ ಭಾಷೆಯ ಮಾತು. ಸಯನಮೈಡ್ ಮತ್ತು ಮದ್ಯದ ಸಂಬಂಧ ಜರ್ಮನ್ ಭಾಷೆಯಲ್ಲಿ ಅಚ್ಚಾಗಿ ನೂರು ವರ್ಷ ಕಳೆದಿದೆ. ಇಂಗ್ಲಿಷಿನಲ್ಲಿ ಅದನ್ನು ಯಾರಾದರೂ ಓದಬಹುದು. ಪೇಠದಿಂದ ನಿಫಾಡಕ್ಕೆ ಬರುವ ಗುಂಪಿಗೆ ಆ ಅಚ್ಚು ತಲುಪುವುದೆಂತು? ಡಬ್ಬಿಯೊಡನೆ ಪ್ರಾದೇಶಿಕ ಭಾಷೆಯ ತಿಳಿವಳಿಕೆ ಪತ್ರವಿರಬೇಕೆಂದು ನಿಯಮವಿದೆ. ಆದರೆ ಡಬ್ಬಿಯನ್ನು ತೆರೆಯುವವನು ಒಬ್ಬ, ಹಚ್ಚುವವರು ಹತ್ತು ಜನ; ಆ ಚೀಟಿ ಬಹುಶಃ ತೋಟದ ಮನೆಯಲ್ಲಿಯೇ ಉಳಿಯುತ್ತದೆ. ಅಲ್ಲದೆ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ರೈತ ಬೆಳೆಗೆ ಹೊಡೆಯುವುದನ್ನು ‘ಔಷಧ’ವೆಂದೇ ಕರೆಯುತ್ತಾನೆ. ಬೆಳೆಯ ರೋಗಕ್ಕೆ ಅದು ಔಷಧವೇ ಸರಿ. ಹಚ್ಚುವ ಕೈಗೆ ಅದು ವಿಷವೆಂಬ ಅರ್ಥವನ್ನು ಆ ಶಬ್ದ ಮರೆಮಾಡುತ್ತದೆ. ಪಡ್ರೆಯಲ್ಲಿ ಅಡಚಣೆಯನ್ನು ಭೇದಿಸಿದುದು ಇಂಗ್ಲಿಷ್ ಪತ್ರಿಕೆಯ ಒಂದು ಲೇಖನ ಮಾತ್ರವಲ್ಲ. ರೋಗಿಯ ಭಾಷೆಯಲ್ಲಿ ಮಾತನಾಡಿದ ವೈದ್ಯ, ರೈತನ ಭಾಷೆಯಲ್ಲಿ ಬರೆದ ಪತ್ರಕರ್ತ ಅದಕ್ಕೆ ಮೊದಲೇ ಹಾದಿ ಮಾಡಿದ್ದರು. ಇಂಗ್ಲಿಷ್ ಪ್ರಕಟಣೆ ವಿದ್ವಾಂಸರನ್ನೂ ನ್ಯಾಯಾಲಯವನ್ನೂ ಒಪ್ಪಿಸುವುದಕ್ಕೆ. ದೇಶಭಾಷೆಯ ಪ್ರಕಟಣೆ ದುಡಿಯುವವನನ್ನು ಎಚ್ಚರಿಸುವುದಕ್ಕೆ. ಎರಡರಲ್ಲಿ ಯಾವುದು ತಪ್ಪಿದರೂ ಕೆಲಸ ಅರ್ಧವಾಗುವುದು.

ಹೊರನಾಡಿನಲ್ಲಿ ನೆಲಸಿರುವ ಕನ್ನಡಿಗ ವಿದ್ಯಾವಂತರಿಗೆ ಇಲ್ಲಿ ಒಂದು ಸಹಜವಾದ ಅವಕಾಶವಿದೆ. ನಾಸಿಕದ ದ್ರಾಕ್ಷಿಯ ಕೃಷಿಕ್ರಮವೇ ವಿಜಯಪುರದಲ್ಲಿಯೂ ನಡೆದಿದೆ. ಅದೇ ದ್ರವ, ಅದೇ ಸ್ಪಂಜು, ಅದೇ ಅಕ್ಟೋಬರ್. ಮರಾಠಿ ಕನ್ನಡಗಳೆರಡನ್ನೂ ಬಲ್ಲ ವೈದ್ಯ, ರಸಾಯನಶಾಸ್ತ್ರಜ್ಞ, ಕೃಷಿ ಅಧಿಕಾರಿ, ಬ್ಯಾಂಕಿನ ನೌಕರ ಇವರು ಕೂಡಿದರೆ ಒಂದು ತೋಟದ ಗುಂಪಿನಲ್ಲಿ ಎಷ್ಟು ಜನ, ಎಷ್ಟು ದಿನ, ಕೈಗವಸು ಇತ್ತೇ ಇಲ್ಲವೇ, ಸಂಜೆ ಯಾರಿಗೆ ಏನಾಯಿತು ಎಂಬಷ್ಟನ್ನು ಕ್ರಮವಾಗಿ ಬರೆದಿಡುವುದು ಕಷ್ಟವಲ್ಲ. ಅದೇ ಸಂಶೋಧನೆಯಲ್ಲ, ಸಂಶೋಧಕ ಬಂದಾಗ ಅವನ ಕೈಗೆ ಕೊಡಬಹುದಾದ ಮೊದಲ ಪುಟ ಅದು. ವಾಣಿನಗರದ ವೈದ್ಯರಲ್ಲಿದ್ದುದೂ ಮೊದಲಿಗೆ ಅಷ್ಟೇ.

ಜತೆಗೆ, ‘ಇದನ್ನು ಹಚ್ಚಿದ ದಿನವೂ ಅದರ ಹಿಂದುಮುಂದಿನ ದಿನಗಳಲ್ಲಿಯೂ ಮದ್ಯ ಕುಡಿಯಬಾರದು, ಕೈಗವಸಿಲ್ಲದೆ ಮುಟ್ಟಬಾರದು, ಕಾಯಿಲೆಯಾದರೆ ಡಬ್ಬಿಯನ್ನು ವೈದ್ಯರಿಗೆ ತೋರಿಸಬೇಕು’ ಎಂಬ ಮೂರು ವಾಕ್ಯಗಳು ತಿಳಿಯಾದ ಮರಾಠಿಯಲ್ಲಿ ನಿಫಾಡದ ತೋಟದ ಬಾಗಿಲಿಗೂ, ತಿಳಿಯಾದ ಕನ್ನಡದಲ್ಲಿ ವಿಜಯಪುರದ ತೋಟದ ಬಾಗಿಲಿಗೂ ತಲುಪಿದರೆ, 1914ರಲ್ಲಿ ಆರಂಭವಾದ ಆ ಪ್ರಕಟಣೆ ಆಗ ಮುಗಿದಂತಾಗುವುದು.